ಟೂರ್ನಮೆಂಟ್‌ಗೆ ಟೆನ್‌ಪಿನ್ ಬೌಲಿಂಗ್ ಚೆಂಡು ಕೊರೆಸುವಾಗ

ಅಂಗಡಿಯವರು ಮೊದಲ ಮಾತಿಗೇ "ಪಿನ್ ಎಲ್ಲಿಡೋಣ?" ಎಂದರೆ ತುಸು ತಡೆಯಿರಿ. (ಇಲ್ಲಿ ಪಿನ್ ಎಂದರೆ ಒಳಗಿನ ಕೋರ್‌ನ, ಅಂದರೆ ತೂಕದ ತಿರುಳಿನ, ತುದಿ ತೋರಿಸುವ ಚೆಂಡಿನ ಮೇಲಿನ ಚುಕ್ಕೆ.) ಕೈಯ ಅಳತೆ ಮೊದಲು, ಲೇಔಟ್, ಅಂದರೆ ಪಿನ್‌ಗೆ ಹೋಲಿಸಿ ತೂತುಗಳ ಜಾಗ, ಆಮೇಲೆ. ಹಿಡಿತ ತಪ್ಪಿದ ಚೆಂಡಿನಲ್ಲಿ ಎಂಥ ದುಬಾರಿ ಕೋರ್ ಇದ್ದರೂ ದಂಡ.

ಎರಡು ಮೂರು ಗೇಮ್ ಆಡಿ ಹೆಬ್ಬೆರಳು ಊದಿದ ಮೇಲೆ ಅಳತೆ ಕೊಡಿ. ಹೆಬ್ಬೆರಳಿನ ತೂತಿನ ಗಾತ್ರ 1/64 ಇಂಚಿನ ಹಂತದಲ್ಲಿ ಬದಲಾಗುತ್ತದೆ. ಬೆರಳು ತಿರುಗಿಸಿದರೆ ಚರ್ಮ ಸವರಬೇಕು, ಸಿಕ್ಕಿಕೊಳ್ಳಬಾರದು. ಒಂದೆರಡು ಟೇಪ್ ಹಾಕುವಷ್ಟು ಜಾಗ ಬಿಡಿಸಿ, ಬೆರಳು ಸಣ್ಣಗಾದ ದಿನ ಬೇಕಾಗುತ್ತದೆ. ಫಿಂಗರ್‌ಟಿಪ್ ಹಿಡಿತಕ್ಕಾದರೆ (ನಡುಬೆರಳು, ಉಂಗುರ ಬೆರಳು ಮೊದಲ ಗೆಣ್ಣಿನವರೆಗಷ್ಟೇ ಒಳಹೋಗುವ ಹಿಡಿತ) ಹೆಬ್ಬೆರಳನ್ನು ಬುಡದವರೆಗೆ ಇಳಿಸಿ, ಉಳಿದೆರಡನ್ನು ಚೆಂಡಿನ ಮೇಲೆ ಸಡಿಲವಾಗಿ ಚಾಚಿ. ಮೊದಲ ಗೆಣ್ಣಿನ ಗೆರೆ ತೂತಿನ ಒಳ ಅಂಚಿನ ಹತ್ತಿರ ಬರಬೇಕು. ನಡುಬೆರಳಿನ ಸ್ಪ್ಯಾನ್ (ಹೆಬ್ಬೆರಳಿನ ತೂತಿನಿಂದ ಬೆರಳಿನ ತೂತಿಗಿರುವ ದೂರ), ಉಂಗುರ ಬೆರಳಿನದು ಬೇರೆ ಬೇರೆ ಅಳೆಸಿ.

ಹೆಬ್ಬೆರಳಿನ ಗೆಣ್ಣಿನ ಹಿಂಬದಿ ದಡ್ಡು ಕಟ್ಟುತ್ತಿದ್ದರೆ ನೀವು ಬೆರಳು ಮಡಚಿ ಹಿಂಡುತ್ತಿದ್ದೀರಿ: ತೂತು ಸಡಿಲ, ಇಲ್ಲವೇ ಸ್ಪ್ಯಾನ್ ಗಿಡ್ಡ, ಇಲ್ಲವೇ ರಿವರ್ಸ್ ಪಿಚ್ (ಅಂಗೈಯಿಂದ ಆಚೆಗೆ ತೂತಿನ ಓರೆ) ಹೆಚ್ಚು. ಬುಡದ ಚರ್ಮ ಕಿತ್ತುಬರುತ್ತಿದ್ದರೆ ಸ್ಪ್ಯಾನ್ ಉದ್ದವಾಗಿದೆಯೇ ನೋಡಿಸಿ.

ಮುಂದಿನದು ಪಿಎಪಿ (ಪಾಸಿಟಿವ್ ಆಕ್ಸಿಸ್ ಪಾಯಿಂಟ್), ನೀವು ಬಿಟ್ಟಾಗ ಚೆಂಡು ತಿರುಗುವ ಅಕ್ಷದ ತುದಿ. ಫ್ಲೇರ್ (ಉರುಳುತ್ತ ಹೋದಂತೆ ಅಕ್ಷ ಜರುಗುವುದು) ಕಡಿಮೆ ಇರುವ ಪ್ಲಾಸ್ಟಿಕ್ ಚೆಂಡನ್ನು ಸ್ಟ್ರೈಕ್‌ಗೆ (ಮೊದಲ ಎಸೆತಕ್ಕೇ ಹತ್ತೂ ಪಿನ್ ಬೀಳಿಸಲು) ಬಿಡುವ ರೀತಿಯಲ್ಲೇ ಬಿಡಿ. ಮರಳಿ ಬಂದಾಗ ಮೈಮೇಲೆ ಲೇನ್‌ಗೆ ಸವರಿದ ಎಣ್ಣೆಯ ಬಳೆ ಕಾಣುತ್ತದೆ. ಆ ಬಳೆಯ ಎಲ್ಲ ಬದಿಗೂ ಸಮ ದೂರದಲ್ಲಿರುವ, ಬಲಗೈಯವರಿಗೆ ಹಿಡಿತದ ಬಲಕ್ಕೆ ಬೀಳುವ ಬಿಂದುವೇ ಪಿಎಪಿ. ಹಿಡಿತದ ನಡುವಿನಿಂದ ಎಷ್ಟು ಅಡ್ಡ, ಎಷ್ಟು ಮೇಲೆ ಎಂದು ಬರೆದಿಡಿ. ಗೆಳೆಯನ ಲೇಔಟ್ ನಕಲು ಮಾಡಿದವರು ಎಡವುವುದು ಇಲ್ಲೇ. ಅವರ ಪಿಎಪಿ ನಿಮ್ಮದಲ್ಲ.

ಸಿಮೆಟ್ರಿಕ್ (ಸುತ್ತಲೂ ಒಂದೇ ಆಕಾರದ) ಕೋರ್‌ನಲ್ಲಿ ಪಿನ್ ಪಿಎಪಿಯಿಂದ 3 3/8 ಇಂಚು ದೂರವಿದ್ದರೆ ಫ್ಲೇರ್ ಅತಿ ಹೆಚ್ಚು. 6 3/4 ಇಂಚಿನ ಹತ್ತಿರ ಹೋದಂತೆ ಬಹುತೇಕ ಇಲ್ಲವಾಗುತ್ತದೆ. ಎಣ್ಣೆ ಹೆಚ್ಚಿದ್ದಾಗ 3 1/2ರ ಸುತ್ತ, ಲೇನ್ ಒಣಗಿದಾಗ 5ರ ಸುತ್ತ ಪಿನ್ ಇಟ್ಟ ಒಂದೊಂದು ಚೆಂಡು ಸಾಕು. ಸ್ಪೇರ್‌ಗೆ (ಉಳಿದ ಪಿನ್ ಬೀಳಿಸಲು) ಬಿಡುವ ಪ್ಲಾಸ್ಟಿಕ್ ಚೆಂಡಿಗೆ ಲೇಔಟ್ ಲೆಕ್ಕ ಬೇಡ.

ಮೂರು ಚೆಂಡಿದ್ದರೆ ಮೂರಕ್ಕೂ ಒಂದೇ ಸ್ಪ್ಯಾನ್, ಪಿಚ್, ಬೆವೆಲ್ (ತೂತಿನ ಅಂಚಿನ ದುಂಡು) ಇರಲಿ. ಇನ್ಸರ್ಟ್ (ಬೆರಳ ತೂತಿಗೆ ಕೂರಿಸುವ ಕೊಳವೆ) ಬ್ರ್ಯಾಂಡ್ ಬದಲಾದರೆ ಅದರ ಗೋಡೆಯ ದಪ್ಪವೂ ಬದಲಾಗುತ್ತದೆ, ಸ್ಪ್ಯಾನ್ ಹಾಳಾಗುತ್ತದೆ. ಹೆಬ್ಬೆರಳಿಗೆ ಬಿಚ್ಚಿ ಹಾಕುವ ಸ್ಲಗ್ (ಹೆಬ್ಬೆರಳಿನ ತೂತಿರುವ ತುಂಡು) ಒಂದೇ ಇಟ್ಟುಕೊಂಡರೆ ಈ ಪೇಚಾಟ ಅರ್ಧ ತೀರುತ್ತದೆ.

ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ನಿಯಮದಲ್ಲಿ 2020ರ ಆಗಸ್ಟ್ 1ರಿಂದ ಬ್ಯಾಲೆನ್ಸ್ ತೂತಿಗೆ (ಬೆರಳಿಡದೆ, ತೂಕ ಹೊಂದಿಸಲು ಕೊರೆಯುವ ತೂತಿಗೆ) ಅವಕಾಶವಿಲ್ಲ. 10 ಪೌಂಡ್‌ಗಿಂತ ಭಾರದ ಚೆಂಡಿನಲ್ಲಿ ಎದುರುಬದುರು ಬದಿಗಳ ತೂಕದ ವ್ಯತ್ಯಾಸ 3 ಔನ್ಸ್ ಮೀರಬಾರದು. ಕೊರೆದ ಮೇಲೆ ಅಂಗಡಿಯಲ್ಲೇ ತೂಗಿಸಿ. ಮೊದಲ ದಿನದ ಆಟದಲ್ಲಿ ಎಣ್ಣೆಯ ಬಳೆಗಳು ಬೆರಳ ತೂತನ್ನು ದಾಟಿದರೆ ಟಕ್ ಟಕ್ ಸದ್ದು ಕೇಳುತ್ತದೆ. ಆ ಚೆಂಡಿನ ತೂತುಗಳನ್ನು ಮುಚ್ಚಿಸಿ, ಮತ್ತೆ ಕೊರೆಸಿ.