ಬ್ರೇಕ್ ಪೆಡಲ್ ಹಿಂದೆ ಅಡಗಿದ್ದ ಕ್ರೂಸ್ ಕಂಟ್ರೋಲ್ ಕಾಯಿಲೆ

ಶಿರಾ ದಾಟಿದ ಮೇಲೆ ರಸ್ತೆ ಹೆಚ್ಚೂಕಮ್ಮಿ ನೇರ. ದಾವಣಗೆರೆಗೆ ಅಮ್ಮನ ಮನೆಗೆ ಹೋಗುವಾಗ ನಾನು 80ಕ್ಕೆ ಕ್ರೂಸ್ (ಆಕ್ಸಿಲರೇಟರ್ ಒತ್ತದಿದ್ದರೂ ಗಾಡಿ ಒಂದೇ ವೇಗ ಹಿಡಿದುಕೊಳ್ಳುವ ವ್ಯವಸ್ಥೆ) ಹಾಕಿ ಬಲಗಾಲಿಗೆ ರಜೆ ಕೊಡುವ ಜಾಗ ಅದು. ಕಳೆದ ದಸರಾ ಹೊತ್ತಿಗೆ ಅಲ್ಲೇ ರಗಳೆ ಶುರುವಾಯಿತು. ಸೇತುವೆಯ ಜಾಯಿಂಟ್ ಮೇಲೆ ಗಾಡಿ ಧಡ್ ಅಂದರೆ ಸಾಕು, ಮೀಟರಿನಲ್ಲಿ ಸೆಟ್ ದೀಪ, ಅಂದರೆ ವೇಗ ಹಿಡಿದಿದೆ ಅನ್ನುವ ಗುರುತು, ಆರಿಹೋಗುತ್ತಿತ್ತು. ರೆಸ್ಯೂಮ್ ಒತ್ತಿದರೆ ಮತ್ತೆ ಹಿಡಿಯುತ್ತಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೂ ನಿಂತಿತು. ವ್ಯವಸ್ಥೆ ಆನ್ ಆಗಿದೆ ಅನ್ನುವ ಕ್ರೂಸ್ ದೀಪ ಬರುತ್ತೆ, ಸೆಟ್ ಬರಲ್ಲ.

ನನ್ನದು 2014ರ ಡೀಸೆಲ್ ಸೆಡಾನ್, ಕೈ ಗೇರಿನದು. ಸರ್ವಿಸ್ ಸೆಂಟರಿನಲ್ಲಿ ಐದು ನಿಮಿಷ ನೋಡಿ, 'ಕ್ಲಾಕ್ ಸ್ಪ್ರಿಂಗ್ ಹೋಗಿದೆ ಸಾರ್, ಸ್ಟೀರಿಂಗ್ ಸ್ವಿಚ್ಚೂ ಸೇರಿ 18 ಸಾವಿರ ಆಗುತ್ತೆ' ಅಂದರು. ಕ್ಲಾಕ್ ಸ್ಪ್ರಿಂಗ್ ಅಂದರೆ ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿರುವ ಪಟ್ಟಿ ವೈರು. ಸ್ಟೀರಿಂಗ್ ಎಷ್ಟು ತಿರುಗಿದರೂ ಹಾರ್ನ್, ಏರ್‌ಬ್ಯಾಗ್, ಬಟನ್ನುಗಳ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಹಾಳಾಗುವುದು ಉಂಟು, ಇಲ್ಲವೆನ್ನಲ್ಲ. ಆದರೆ ನನ್ನ ಗಾಡಿ ತಕರಾರು ಮಾಡುತ್ತಿದ್ದದ್ದು ಸ್ಟೀರಿಂಗ್ ತಿರುಗಿಸಿದಾಗ ಅಲ್ಲ, ಕುಲುಕಿದಾಗ. ಅದೂ ಅಲ್ಲದೆ ಹಾರ್ನ್ ಇತ್ತು, ವಾಲ್ಯೂಮ್ ಬಟನ್ ಇತ್ತು, ಸ್ಟೀರಿಂಗ್ ಬಟನ್ ಒತ್ತಿದರೆ ಕ್ರೂಸ್ ದೀಪವೂ ಬರುತ್ತಿತ್ತು. ಆಮೇಲೆ ಬರುತ್ತೇನೆ ಅಂತ ಹೇಳಿ ಮನೆಗೆ ಬಂದೆ.

ಹಾಗಂತ ನಾನೇನೂ ಮಹಾ ಬುದ್ಧಿವಂತಿಕೆ ತೋರಿಸಲಿಲ್ಲ. ಮೊದಲ ಭಾನುವಾರ ಪೂರ್ತಿ ಫ್ಯೂಸ್ ಕಿತ್ತು ನೋಡುವುದರಲ್ಲಿ, ಬಟನ್ನುಗಳ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುವುದರಲ್ಲಿ ಕಳೆಯಿತು. ಫಲ ಸೊನ್ನೆ.

ಆಮೇಲೆ ಕೂತು ಯೋಚಿಸಿದೆ. ಕ್ರೂಸ್ ಕಂಟ್ರೋಲ್ ತುಂಬಾ ಪುಕ್ಕಲು ಸ್ವಭಾವದ್ದು. ಬ್ರೇಕ್ ಒತ್ತಿದಿರಾ, ಬಿಟ್ಟುಬಿಡುತ್ತದೆ. ಕ್ಲಚ್ ಒತ್ತಿದಿರಾ, ಬಿಟ್ಟುಬಿಡುತ್ತದೆ. ವೇಗದ ಸೆನ್ಸರ್ ಒಂದು ಕ್ಷಣ ತೊದಲಿದರೂ ಅಷ್ಟೇ. ಹಾಗೇ ಇರಬೇಕು ಕೂಡ. ಅಂದಮೇಲೆ ಹುಡುಕಬೇಕಾದದ್ದು ಕೆಟ್ಟುಹೋದ ಕ್ರೂಸ್ ಅನ್ನಲ್ಲ, ಅದಕ್ಕೆ ಅಡ್ಡಗಾಲು ಹಾಕುತ್ತಿರುವುದು ಯಾರು ಅನ್ನುವುದನ್ನು. ಸ್ಪೀಡೋಮೀಟರ್ ಮುಳ್ಳು ಸರಿಯಾಗಿತ್ತು. ಉಳಿದದ್ದು ಎರಡು ಪೆಡಲ್.

ಅಂದಹಾಗೆ ಕ್ರೂಸ್ ಕಂಟ್ರೋಲ್ ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ, ಗೊತ್ತಾ? 1950ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ವಕೀಲರು ಮಾತಾಡುತ್ತಾ ಓಡಿಸುವಾಗ ಕಾರು ಮುಗ್ಗರಿಸುತ್ತಿದ್ದದ್ದು ಕಿರಿಕಿರಿಯಾಗಿ ಈ ಉಪಾಯ ಹೊಳೆಯಿತಂತೆ.

ಸ್ಟೀರಿಂಗ್ ಕೆಳಗೆ ಗಾಡಿಯ ದೋಷದ ಕೋಡ್ ಓದಲು ಇರುವ ಒಬಿಡಿ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಮೊಬೈಲಿನಲ್ಲಿ ಓದಿಸಿದೆ. ಪಿ0504 ಅಂತ ಒಂದು ಕೋಡ್ ಸಿಕ್ಕಿತು. ಬ್ರೇಕ್ ಸ್ವಿಚ್ಚಿನ ಎರಡು ಸಿಗ್ನಲ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ಅರ್ಥ. ಆದರೆ ಹಿಂದಿನ ಬ್ರೇಕ್ ಲೈಟ್ ಸರಿಯಾಗೇ ಉರಿಯುತ್ತಿತ್ತಲ್ಲ! ಗುಟ್ಟು ಇರುವುದೇ ಇಲ್ಲಿ. ಒಂದೇ ಸ್ವಿಚ್ಚಿನ ಹೊಟ್ಟೆಯಲ್ಲಿ ಎರಡು ಜೋಡಿ ಸಂಪರ್ಕಗಳಿವೆ. ಒಂದು ಪೆಡಲ್ ಒತ್ತಿದಾಗ ಕೂಡಿಕೊಂಡು ಲೈಟ್ ಹೊತ್ತಿಸುತ್ತದೆ. ಇನ್ನೊಂದು ಉಲ್ಟಾ: ಪೆಡಲ್ ಬಿಟ್ಟಿರುವಾಗ ಕೂಡಿಕೊಂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ಈ ಎರಡನೆಯದು ಕುಲುಕಿಗೆ ಒಂದು ಚೂರು ಬಿಟ್ಟರೂ ಬ್ರೇಕ್ ಹಾಕಿದರು ಅಂತ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಿಳಿದುಕೊಂಡು ಕ್ರೂಸ್ ಕೈಬಿಡುತ್ತದೆ.

ಕೋಡ್ ಬಂತು ಅಂತ ಸುಮ್ನೆ ಪಾರ್ಟ್ ತರಬಾರದು. ಸ್ವಿಚ್ ಇರುವುದು ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ. ಸೀಟ್ ಹಿಂದಕ್ಕೆ ತಳ್ಳಿ, ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತಲೆ ಒಳಗೆ ತೂರಿಸಬೇಕು. ಐವತ್ತರ ಸೊಂಟಕ್ಕೆ ಹೇಳಿಸಿದ ಕೆಲಸ ಅಲ್ಲ. ಬ್ಯಾಟರಿ ನೆಗೆಟಿವ್ ತೆಗೆದು, ನಾಲ್ಕು ಪಿನ್ನಿನ ಸಾಕೆಟ್ ಬಿಚ್ಚಿ, ಸ್ವಿಚ್ಚಿಗೆ ಮಲ್ಟಿಮೀಟರ್ ಹಿಡಿದೆ. ಲೈಟಿನ ಜೋಡಿ ಪೆಡಲ್ ಒತ್ತಿದಾಗ ಅರ್ಧ ಓಮ್ ತೋರಿಸಿತು, ಪರವಾಗಿಲ್ಲ. ಇನ್ನೊಂದು ಜೋಡಿ ಪೆಡಲ್ ಬಿಟ್ಟಾಗಲೂ ಅಷ್ಟೇ ತೋರಿಸಬೇಕಿತ್ತು. ಒಮ್ಮೆ 40, ಒಮ್ಮೆ 200, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪೂರಾ ಓಪನ್, ಅಂದರೆ ಸಂಪರ್ಕವೇ ಇಲ್ಲ. ಕಳ್ಳ ಸಿಕ್ಕಿಬಿದ್ದ.

ಗುರುತಿನ ಮೆಕ್ಯಾನಿಕ್ ಒಬ್ಬರು, 'ಯಾಕಣ್ಣ ದುಡ್ಡು ಖರ್ಚು, ಎರಡು ವೈರ್ ಸೇರಿಸಿ ಟೇಪ್ ಸುತ್ತಿಬಿಡೋಣ' ಅಂದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಬ್ರೇಕ್ ಒತ್ತಿದಾಗ ಕ್ರೂಸ್ ಬಿಡಿಸಲು ಇರುವ ದಾರಿಯನ್ನೇ ಮುಚ್ಚಿದ ಹಾಗೆ. ಹಾಗೇ ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನೂ ಮನೆಯಲ್ಲಿ ಬಿಚ್ಚಬೇಡಿ.

ಹೊಸ ಸ್ವಿಚ್ ತರಲು ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ಅಂಗಡಿಯವರು ಮೊದಲು ಕೇಳಿದ್ದೇ, 'ಕ್ರೂಸ್ ಇರೋ ಗಾಡಿನಾ ಸಾರ್, ಇಲ್ದಿರೋದಾ?' ಕ್ರೂಸ್ ಇಲ್ಲದ ನನ್ನ ಮಾಡೆಲ್ಲಿಗೆ ಬರುವುದು ಎರಡೇ ಪಿನ್ನಿನದು. ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋದದ್ದು ಒಳ್ಳೆಯದಾಯಿತು. 420 ರೂಪಾಯಿ.

ಕೂರಿಸುವುದು ಬಿಚ್ಚಿದಷ್ಟು ಸುಲಭ ಅಲ್ಲ. ಸ್ವಿಚ್ಚನ್ನು ತಿರುಗಿಸುತ್ತಾ ಪೆಡಲಿಗೆ ಹತ್ತಿರ ತಂದು, ಸರಿಯಾದ ಅಂತರದಲ್ಲಿ ಲಾಕ್ ನಟ್ ಬಿಗಿಯಬೇಕು. ನನ್ನ ಗಾಡಿಯ ಮ್ಯಾನ್ಯುಯಲ್ ಹೇಳುವುದು 1ರಿಂದ 2 ಮಿ.ಮೀ. ನಾನು ಮೊದಲು ಕಣ್ಣಂದಾಜಿನಲ್ಲಿ ಬಿಗಿದೆ. ಬ್ಯಾಟರಿ ಹಾಕಿ, ಮಗಳನ್ನು ಗಾಡಿಯ ಹಿಂದೆ ನಿಲ್ಲಿಸಿ ಪೆಡಲ್ ಒತ್ತಿ ಬಿಟ್ಟೆ.

'ಅಪ್ಪಾ, ಲೈಟ್ ಹೋಗ್ತಾನೇ ಇಲ್ಲ!'

ಅಂತರ ಜಾಸ್ತಿಯಾಗಿತ್ತು. ಪೆಡಲ್ ಪೂರ್ತಿ ಮೇಲೆ ಬಂದರೂ ಸ್ವಿಚ್ಚಿನ ಕಡ್ಡಿ ಒಳಗೆ ಹೋಗುತ್ತಿರಲಿಲ್ಲ; ಅದು ಒಳಗೆ ಹೋದರೇ ಲೈಟ್ ಆರುವುದು. ಎರಡು ಸುತ್ತು ಹತ್ತಿರ ತಂದು, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಿಡಿದು, ಮತ್ತೆ ಬಿಗಿದೆ. ಲೈಟ್ ಆರಿತು. ಪೆಡಲಿಗೆ ಬೆರಳು ತಾಗಿಸಿದೊಡನೆ ಹೊತ್ತಿತು. ಕೋಡ್ ಅಳಿಸಿದೆ.

ಮರುದಿನ ಬೆಳಿಗ್ಗೆ ನೆಲಮಂಗಲದ ಟೋಲ್ ದಾಟಿ ದಾಬಸ್‌ಪೇಟೆ ಕಡೆ ಖಾಲಿ ರಸ್ತೆ ನೋಡಿ 70ಕ್ಕೆ ಸೆಟ್ ಒತ್ತಿದೆ. ಹಿಡಿಯಿತು. ಬ್ರೇಕ್ ಮುಟ್ಟಿದೆ, ಬಿಟ್ಟಿತು. ಕ್ಲಚ್ ಮುಟ್ಟಿದೆ, ಬಿಟ್ಟಿತು. ಇದನ್ನೇ ನಾಲ್ಕು ಸಲ ಮಾಡಿದೆ. ಹಿಡಿಯುವುದಕ್ಕಿಂತ ಬಿಡುವುದನ್ನು ನೋಡಿಕೊಳ್ಳುವುದು ಮುಖ್ಯ ಅಲ್ವಾ.

ಹಳೆಯ ಸ್ವಿಚ್ಚನ್ನು ಸಂಜೆ ಬ್ಲೇಡಿನಿಂದ ಸೀಳಿ ನೋಡಿದೆವು. ಕ್ರೂಸಿನ ಜೋಡಿಯ ಮೇಲೆ ದೀಪದ ಮಸಿಯಂಥ ಕಪ್ಪು ಪದರ. ಕ್ಲಚ್ ಸ್ವಿಚ್ಚೂ ಅದೇ ವಯಸ್ಸಿನದು. ಒಂದು ತಂದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಟ್ಟಿದ್ದೇನೆ.