ಮೆಕ್ಸಿಕೋ ಶೈಲಿಯ ಜೋಳದ ಸಲಾಡ್: ನಾನು ಮನೆಯಲ್ಲಿ ಮಾಡುವ ಕ್ರಮ

ಮಲ್ಪೆ, ಪಣಂಬೂರು ಕಡಲ ತೀರದಲ್ಲಿ ಕೆಂಡದ ಮೇಲೆ ಸುಟ್ಟು, ಲಿಂಬೆ ಹೋಳಿನಿಂದ ಉಪ್ಪು ಖಾರ ಉಜ್ಜಿ ಕೊಡುವ ಜೋಳದ ರುಚಿ ನಮಗೆಲ್ಲ ಗೊತ್ತು. ಮೆಕ್ಸಿಕೋದ ಬೀದಿಯಲ್ಲೂ ಜೋಳಕ್ಕೆ ಲಿಂಬೆ, ಮೆಣಸಿನ ಪುಡಿಯೇ ಹಾಕುವುದು. ಜೊತೆಗೆ ಮೇಯನೇಸ್, ಕೊತೀಹಾ ಎಂಬ ಉಪ್ಪು ಜಾಸ್ತಿಯ ಪುಡಿಪುಡಿ ಚೀಸ್. ಅಲ್ಲಿನ ಜೋಳ ಅಷ್ಟು ಸಿಹಿಯಲ್ಲ, ಹಿಟ್ಟಿನಂಶ ಹೆಚ್ಚು. ನಮಗೆ ಸಿಗುವುದು ಸ್ವೀಟ್ ಕಾರ್ನ್. ಹಾಗಾಗಿ ಹುಳಿ, ಉಪ್ಪು ತುಸು ಮುಂದಿದ್ದರೇ ಚೆಂದ.

ಚೀಸ್‌ನ ಕೆಲಸ ಹಿಂದಿನ ರಾತ್ರಿಯೇ ಮಾಡಿಡುತ್ತೇನೆ. 100 ಗ್ರಾಂ ಪನೀರ್ ಪುಡಿ ಮಾಡಿ, ಅರ್ಧ ಚಮಚ ಉಪ್ಪು ಬೆರೆಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಇಟ್ಟು ಫ್ರಿಜ್ಜಿನಲ್ಲಿಡಬೇಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಬೆಳಿಗ್ಗೆ ಬೆರಳಲ್ಲಿ ಉಜ್ಜಿದರೆ ಒಣಗಿ ಉದುರುದುರಾಗಿರುತ್ತದೆ. ಸಪ್ಪೆ ಪನೀರನ್ನು ಹಾಗೇ ಹಾಕಿದರೆ ಈ ಸಲಾಡಿಗೆ ಜೀವವೇ ಇರುವುದಿಲ್ಲ.

ನಾಲ್ಕು ಜನರಿಗೆ ನಾಲ್ಕು ಮಧ್ಯಮ ತೆನೆ, ಅಂದರೆ ಸುಮಾರು ಮೂರು ಕಪ್ ಕಾಳು. ತೆನೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಕೆಳಗೆ ಕೊಯ್ಯಬೇಕು. ಚೂರಿ ತೀರಾ ಒಳಗೆ ಹೋದರೆ ಕಾಳಿನ ಬುಡದ ಗಟ್ಟಿ ಸಿಪ್ಪೆ ಬಂದು ಹಲ್ಲಿಗೆ ಸಿಕ್ಕುತ್ತದೆ. ಮೊದಲೇ ಬೇಯಿಸುವುದು ಬೇಡ. ಫ್ರೋಜನ್ ಕಾಳಾದರೆ ಮಂಜು ಕರಗಿಸಿ, ನೀರು ಬಸಿದು, ಬಟ್ಟೆಯಲ್ಲಿ ಒರೆಸಿಕೊಳ್ಳಿ.

ಸಲಾಡ್ ಕೆಡುವುದು ಹೆಚ್ಚಾಗಿ ಹುರಿಯುವಾಗಲೇ. ಅಗಲ ತಳದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ, ಅರ್ಧದಷ್ಟೇ ಕಾಳು. ದೋಸೆ ಕಾವಲಿ ಮುಟ್ಟಬೇಡಿ. ಜೋಳದ ಸಕ್ಕರೆ ಅಂಟಿ, ಅದನ್ನು ಉಜ್ಜಿ ತೆಗೆದ ಮೇಲೆ ಮರುದಿನ ದೋಸೆ ಏಳುವುದಿಲ್ಲ. ತೆಂಗಿನೆಣ್ಣೆಯ ಪರಿಮಳ ಲಿಂಬೆಯನ್ನು ಮುಚ್ಚಿಬಿಡುತ್ತದೆ, ಆದ್ದರಿಂದ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ. ಕಾಳು ಹರಡಿ ಎರಡು ನಿಮಿಷ ಸಟ್ಟುಗ ಹಾಕಬಾರದು. ಅಡಿಯಲ್ಲಿ ಕಂದು ಕಲೆ ಬಂದ ಮೇಲೆ ಮಗುಚಿ, ಒಟ್ಟು ಆರೇಳು ನಿಮಿಷ ದೊಡ್ಡ ಉರಿಯಲ್ಲೇ ಇಡಿ. ಒಮ್ಮೆಗೇ ತುಂಬಿಸಿದರೆ ಹೊರಬಂದ ನೀರು ಆರಲು ಜಾಗವಿಲ್ಲದೆ ಕಾಳು ಬೇಯುತ್ತದೆ, ಹುರಿಯುವುದಿಲ್ಲ. ನೀರಿರುವಷ್ಟು ಹೊತ್ತು ಬಿಸಿ 100 ಡಿಗ್ರಿ ದಾಟದು, ಕಂದು ಬಣ್ಣಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಒಳಗಿನ ನೀರು ಆವಿಯಾಗಿ ಕಾಳು ಸಿಡಿಯುವುದೂ ಇದೆ. ಮುಚ್ಚಳ ಓರೆಯಾಗಿ ಇಡಿ, ಪೂರ್ತಿ ಮುಚ್ಚಿದರೆ ಆವಿ ಮತ್ತೆ ನೀರಾಗಿ ಒಳಗೇ ಬೀಳುತ್ತದೆ.

ಹುರಿದದ್ದನ್ನು ಅಗಲ ತಟ್ಟೆಯಲ್ಲಿ ಹರಡಿ, ಉಗುರುಬೆಚ್ಚಗಾಗುವವರೆಗೆ ಕಾಯಬೇಕು. ಬಿಸಿಗೆ ಮೇಯನೇಸ್ ಒಡೆದು ಎಣ್ಣೆ ಬಿಡುತ್ತದೆ.

ಮೂರು ದೊಡ್ಡ ಚಮಚ ಮೇಯನೇಸ್, ಎರಡು ದೊಡ್ಡ ಚಮಚ ಕಟ್ಟಿ ನೀರು ಇಳಿಸಿದ ಮೊಸರು, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಒಂದೂವರೆ ಲಿಂಬೆಯ ರಸ ಕಲಸಿಕೊಳ್ಳಿ. ಮೊಟ್ಟೆರಹಿತ ಮೇಯನೇಸ್ ಸಿಹಿಯಾಗಿದ್ದರೆ ಅದನ್ನು ಎರಡು ಚಮಚಕ್ಕಿಳಿಸಿ ಮೊಸರು ಹೆಚ್ಚಿಸಿ. ಬ್ಯಾಡಗಿ ಮೆಣಸು ಬೆಚ್ಚಗೆ ಮಾಡಿ ತರಿತರಿಯಾಗಿ ಪುಡಿ ಮಾಡಿದ್ದು ಒಂದು ಚಮಚ. ಅದು ಬಣ್ಣಕ್ಕೆ, ಪರಿಮಳಕ್ಕೆ. ಖಾರಕ್ಕೆ ಸಣ್ಣಗೆ ಹೆಚ್ಚಿದ ಎರಡು ಗಾಂಧಾರಿ ಮೆಣಸು. ಗಾಂಧಾರಿಯ ಚುರುಕು ಲಿಂಬೆಗೆ ಹೊಂದುವಷ್ಟು ಬೇರೆ ಯಾವುದರದ್ದೂ ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಾಳು, ಅರ್ಧ ಈರುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಮುಕ್ಕಾಲು ಪಾಲು ಪನೀರ್ ಸೇರಿಸಿ. ಉಪ್ಪು ರುಚಿ ನೋಡಿಯೇ ಹಾಕಿ, ಪನೀರಿನಲ್ಲಿ ಆಗಲೇ ಇದೆ. ಉಳಿದ ಪನೀರ್, ಚಿಟಿಕೆ ಮೆಣಸಿನ ಪುಡಿ ಮೇಲಿಂದ.

ನಮ್ಮ ಕರಾವಳಿಯ ಸೆಕೆಗೆ ಕಲಸಿದ ಸಲಾಡನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಹುರಿದ ಕಾಳು ಬೇರೆಯಾಗಿ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ; ಬಡಿಸುವ ಮುಂಚೆ ಬಾಣಲೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಆಮೇಲೆ ಕಲಸಿ.