ಜನಗಣತಿಯಿಂದ ಶುರುವಾಗಿ ಪಹಣಿಯಲ್ಲಿ ಸಿಕ್ಕ ನಮ್ಮ ಮನೆತನ

ನಮ್ಮ ಮನೆತನದ ಹೆಸರು ಕೊಪ್ಪರಿಗೆ. ಇಷ್ಟು ದೊಡ್ಡ ಬೆಂಗಳೂರಲ್ಲಿ ಈ ಹೆಸರಿನ ಇನ್ನೊಂದು ಮನೆ ನನಗೆ ಸಿಕ್ಕಿಲ್ಲ. ಮೂಲ ಎಲ್ಲಿ ಅಂತ ತಿಳಿಯಲು ಹಳೇ ಜನಗಣತಿಯಿಂದ ಹುಡುಕಾಟ ಶುರು ಮಾಡಿದೆ.

ಇಂಗ್ಲೆಂಡಿನವರಿಗೆ 1841ರಿಂದ 1921ರವರೆಗಿನ ಗಣತಿಯಲ್ಲಿ ಮನೆಮನೆಯವರ ಹೆಸರೇ ಸಿಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಲೆಕ್ಕ ಮುಗಿದ ಮೇಲೆ ಹೆಸರಿದ್ದ ಹಾಳೆಗಳನ್ನು ಉಳಿಸಲಿಲ್ಲ, 1948ರ ಜನಗಣತಿ ಕಾಯ್ದೆ ಬಂದ ಮೇಲಂತೂ ಮನೆಯ ವಿವರ ಯಾರಿಗೂ ತೋರಿಸುವಂತಿಲ್ಲ. ಉಳಿದಿರುವುದು ವರದಿಗಳು ಮಾತ್ರ.

ಆದರೂ ಅವನ್ನು ಓದಲೇಬೇಕು ಅಂತೀನಿ. 1871ರಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಜಾಸ್ತಿ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ನಡುವೆ 1876–78ರ ಬರ. "ಬರದಲ್ಲಿ ಊರು ಬಿಟ್ಟವರು ನಾವು" ಅಂತ ಮನೆಯಲ್ಲಿ ಹೇಳುತ್ತಿದ್ದದ್ದು ಯಾವ ಬರ ಅಂತ ಆಗ ಅಂದಾಜು ಸಿಕ್ಕಿತು. ಆ ಅಂಕಿ ನೋಡಿ ತುಂಬ ಹೊತ್ತು ಸಂಕಟವಾಯಿತು.

ಊರು ಯಾವುದು? ಸೋದರತ್ತೆಯನ್ನು ಕೇಳಿದೆ. "ಊರು ಗೊತ್ತಿಲ್ಲ ಕಣೋ, ಮನೆದೇವರು ಮಾತ್ರ ಮದ್ದೂರಿನ ಕಡೇದು" ಅಂದರು. ಅಷ್ಟು ಸಾಕಾಯಿತು. ಊರು ಬಿಟ್ಟವರೂ ಮನೆದೇವರನ್ನು ಬಿಡುವುದಿಲ್ಲ, ಅಲ್ವಾ? ಆ ದೇವಸ್ಥಾನದ ಸುತ್ತಿನ ಹಳ್ಳಿಗಳಲ್ಲಿ ವಿಚಾರಿಸುತ್ತಾ ಹೋದಾಗ, ಒಂದು ಕಡೆ ಹಿರಿಯರೊಬ್ಬರು ಕೆರೆ ಕೆಳಗಿನ ಗದ್ದೆ ತೋರಿಸಿ ಅದನ್ನು ಇವತ್ತಿಗೂ ಕೊಪ್ಪರಿಗೆಯೋರ ಗದ್ದೆ ಅಂತಲೇ ಕರೆಯೋದು ಅಂದರು.

ಅದರ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟೆ. ಪಹಣಿ ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಸರ್ಕಾರಿ ದಾಖಲೆ. ಅದನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ತಂತ್ರಾಂಶ ಬರುವ ಮುಂಚಿನ ಕೈಬರಹದ ಪಹಣಿಗಳನ್ನು ಇಡುವುದು ಅಲ್ಲೇ. ಬರೀ ಮನೆತನದ ಹೆಸರು ಹೇಳಿದರೆ ಯಾರೂ ಹುಡುಕಿಕೊಡಲು ಆಗುವುದಿಲ್ಲ, ಗ್ರಾಮ ಮತ್ತು ಸರ್ವೆ ನಂಬರ್ ಬೇಕೇ ಬೇಕು. ಪಹಣಿಯಲ್ಲಿ ಮಗನ ಹೆಸರು, 'ಬಿನ್', ಆಮೇಲೆ ಅಪ್ಪನ ಹೆಸರು ಇರುತ್ತದೆ. ಆ ಅಪ್ಪನನ್ನು ಇನ್ನೂ ಹಳೇ ಪುಸ್ತಕದಲ್ಲಿ ಹುಡುಕಿದರೆ ಅವನ ಅಪ್ಪ ಸಿಗುತ್ತಾನೆ. 'ಕೋಂ', ಅಂದರೆ ಇಂಥವರ ಹೆಂಡತಿ, ಅಂತ ಇರುವ ಹೆಂಗಸರ ಸಾಲುಗಳನ್ನು ಬಿಡಬೇಡಿ. ಗಂಡ ತೀರಿಕೊಂಡು ಖಾತೆ ಹೆಂಡತಿಗೆ ಬಂದಿದ್ದರೆ, ಬೇರೆಲ್ಲೂ ಇಲ್ಲದ ಗಂಡನ ಹೆಸರು ಅಲ್ಲಿರುತ್ತದೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಿದ್ದರಿಂದ ಹೆಸರು ಒಂದೇ ಅಂತ ಸುಮ್ನೆ ನಂಬಬಾರದು, ಸರ್ವೆ ನಂಬರ್ ಕೂಡ ತಾಳೆಯಾಗಬೇಕು.

ಹೀಗೆ ಸಿಕ್ಕಿದ್ದು ಊರಲ್ಲೇ ಉಳಿದ ದಾಯಾದಿಗಳ ಸಾಲು. ಅದರ ಅತ್ಯಂತ ಹಳೇ ಹೆಸರು, ಸೋದರತ್ತೆ ಬಾಯಿಪಾಠ ಹೇಳುವ ಹಿರಿಯರ ಹೆಸರುಗಳಲ್ಲೂ ಇದೆ. ದಾಯಾದಿಗಳ ಗದ್ದೆ ಯಾರಿಗೆ ಮಾರಾಟವಾಯಿತು ಅಂತ ತಿಳಿಯಲು ಈಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ನಕಲು ಕೇಳಿದ್ದೇನೆ. ಆ ದಾಯಾದಿಗಳ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇರಬೇಕು, ಅವರನ್ನು ನೋಡಬೇಕು.